ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತನ್ನು ಒರೆಗೆ ಹಚ್ಚುವ ಬಗೆ

ತಾಯಿ ಕಾರ್ಡಿನ ಲಸಿಕೆ ಪಟ್ಟಿಯಲ್ಲಿ ಒಂಬತ್ತು ತಿಂಗಳ ಸಾಲು ಮುಗಿದ ಮೇಲೆ ಕೆಲವು ತಿಂಗಳು ಬಿಡುವಿದ್ದು, ಅನಂತರ 16ರಿಂದ 24 ತಿಂಗಳ ಸಾಲು ಬರುತ್ತದೆ. ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ವಿರುದ್ಧದ ಡಿಪಿಟಿ ಬೂಸ್ಟರ್ ಮತ್ತು ಪೋಲಿಯೊ ಹನಿಯ ಬೂಸ್ಟರ್ ಈ ಸಾಲಿನಲ್ಲಿವೆ. ಮೊದಲ ವರ್ಷದ ಚುಚ್ಚುಮದ್ದುಗಳನ್ನೆಲ್ಲ ತಪ್ಪದೆ ಹಾಕಿಸಿದ ತಂದೆತಾಯಿಯರೂ ಇಲ್ಲಿಗೆ ಬಂದಾಗ ಹಿಂದೆಮುಂದೆ ನೋಡುವುದುಂಟು, ಏಕೆಂದರೆ ಲಸಿಕೆ ಹಾಕಿಸಿದ ಮೇಲೆ ಮಾತಾಡುತ್ತಿದ್ದ ಮಗು ಮಾತು ಬಿಟ್ಟಿತು ಎಂಬ ಸಂದೇಶ ಅಷ್ಟು ಹೊತ್ತಿಗೆ ಮನೆಯ ವಾಟ್ಸ್‌ಆ್ಯಪ್ ಗುಂಪನ್ನು ಒಂದು ಸುತ್ತು ಹಾಕಿರುತ್ತದೆ.

ಉತ್ತರವನ್ನು ಮೊದಲೇ ಹೇಳಿಬಿಡಬಹುದು: ಹಲವು ದೇಶಗಳಲ್ಲಿ, ಲಕ್ಷಾಂತರ ಮಕ್ಕಳ ಮೇಲೆ, ಬೇರೆಬೇರೆ ವಿಧಾನಗಳಲ್ಲಿ ಹುಡುಕಿದರೂ ಬಾಲ್ಯದ ಲಸಿಕೆಗಳಿಗೂ ಆಟಿಸಂಗೂ (ಮಗುವಿನ ಮಾತು ಮತ್ತು ಇತರರೊಂದಿಗೆ ಬೆರೆಯುವ ರೀತಿ ಬೇರೆಯಾಗಿ ಬೆಳೆಯುವ ಸ್ಥಿತಿ) ಸಂಬಂಧ ಕಂಡುಬಂದಿಲ್ಲ. ಆದರೆ ದೊಡ್ಡವರು ಹೇಳಿದ್ದಾರೆ ನಂಬಿ ಎಂದರೆ ಅನುಮಾನ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಈ ಹೇಳಿಕೆ ಸರಿಯೋ ತಪ್ಪೋ ಎಂದು ತೂಗಿ ನೋಡುವುದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳು ಕೆಲವೇ ಇವೆ, ಅವುಗಳನ್ನು ಸರಿಯಾದ ಕ್ರಮದಲ್ಲಿ ಕೇಳಿದರೆ ಸಾಕು.

ದೂರು ಯಾವುದೆಂದು ಮೊದಲು ಗುರುತಿಸಿ

'ಲಸಿಕೆಯಿಂದ ಆಟಿಸಂ' ಎಂಬ ಒಂದೇ ಮಾತಿನೊಳಗೆ ಕನಿಷ್ಠ ಮೂರು ಬೇರೆಬೇರೆ ದೂರುಗಳು ಕಲಸಿಹೋಗಿವೆ. ಮೊದಲನೆಯದು ದಡಾರ, ಮಂಗನಬಾವು ಮತ್ತು ರುಬೆಲ್ಲಾಗೆ ಒಟ್ಟಾಗಿ ಕೊಡುವ ಎಂಎಂಆರ್ ಲಸಿಕೆಯ ಮೇಲಿನದು. ಎರಡನೆಯದು ಕೆಲವು ಲಸಿಕೆಗಳ ಬಾಟಲಿಯಲ್ಲಿ ಸೋಂಕು ಬೆಳೆಯದಂತೆ ಸೇರಿಸುವ ಥಿಯೋಮರ್ಸಾಲ್ ಎಂಬ ಪಾದರಸದ ಸಂಯುಕ್ತದ ಮೇಲಿನದು. ಮೂರನೆಯದು ಲಸಿಕೆಗಳ ಸಂಖ್ಯೆ ಹೆಚ್ಚಾಯಿತು, ಅವುಗಳಲ್ಲಿನ ಅಲ್ಯೂಮಿನಿಯಂ ಲವಣ ಮಗುವಿನ ಮೆದುಳಿಗೆ ಕೆಡುಕು ಎಂಬುದು. ನಿಮ್ಮ ಕೈಗೆ ಬಂದ ಸಂದೇಶ ಇವುಗಳಲ್ಲಿ ಯಾವುದನ್ನು ಹೇಳುತ್ತಿದೆ ಎಂದು ಮೊದಲು ನೋಡಿಕೊಳ್ಳಿ. ಎಂಎಂಆರ್‌ನಲ್ಲಿರುವ ಪಾದರಸದಿಂದ ಆಟಿಸಂ ಬರುತ್ತದೆ ಎಂದು ಅದು ಹೇಳುತ್ತಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ. ಎಂಎಂಆರ್ ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್‌ಗಳ ಲಸಿಕೆ. ಥಿಯೋಮರ್ಸಾಲ್ ಹಾಕಿದರೆ ಆ ವೈರಸ್‌ಗಳು ಸತ್ತು ಲಸಿಕೆಯೇ ನಿಷ್ಪ್ರಯೋಜಕವಾಗುತ್ತದೆ. ಆದ್ದರಿಂದ ಅದರಲ್ಲಿ ಥಿಯೋಮರ್ಸಾಲ್ ಎಂದೂ ಇರಲಿಲ್ಲ.

ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವುದು ಎಂಎಂಆರ್ ಅಲ್ಲ, ಮಂಗನಬಾವಿನ ಭಾಗವಿಲ್ಲದ ಎಂಆರ್. ಎಂಎಂಆರ್ ಸಿಗುವುದು ಖಾಸಗಿ ಕ್ಲಿನಿಕ್‌ಗಳಲ್ಲಿ. 2017ರ ಫೆಬ್ರವರಿ 5ರಂದು ಬೆಂಗಳೂರಿನಲ್ಲಿ ಎಂಆರ್ ಅಭಿಯಾನಕ್ಕೆ ಚಾಲನೆ ಸಿಕ್ಕಿ, ಒಂಬತ್ತು ತಿಂಗಳಿಂದ ಹದಿನೈದು ವರ್ಷದವರೆಗಿನ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕಲು ಹೊರಟಾಗ, ಮೊಬೈಲ್‌ಗಳಲ್ಲಿ ಹರಿದ ವದಂತಿಗಳನ್ನು ನೋಡಿ ಹಲವು ಪಾಲಕರು ಒಪ್ಪಿಗೆ ಕೊಡಲಿಲ್ಲ. ಇಂಗ್ಲೆಂಡಿನಲ್ಲಿ ಒಂದು ಲಸಿಕೆಯ ಮೇಲೆ ಹುಟ್ಟಿದ ಅಪವಾದ ಇಲ್ಲಿ ಇನ್ನೊಂದರ ಹೆಗಲೇರಿತ್ತು.

ಮೂಲದವರೆಗೆ ಹೋಗಿ ನೋಡಿ

ಸಂದೇಶದಲ್ಲಿ 'ವಿಜ್ಞಾನಿಗಳು ಕಂಡುಹಿಡಿದಿದ್ದಾರೆ' ಎಂದಿದ್ದರೆ ಯಾವ ವಿಜ್ಞಾನಿ, ಎಷ್ಟು ಮಕ್ಕಳನ್ನು ನೋಡಿ, ಯಾವಾಗ ಹೇಳಿದರು ಎಂದು ಕೇಳಬೇಕು. ಎಂಎಂಆರ್ ವಿಷಯದಲ್ಲಿ ಈ ಮೂರು ಪ್ರಶ್ನೆಗಳನ್ನು ಹಿಡಿದು ಹಿಂದೆ ಹೋದರೆ ದಾರಿ ಪ್ರತಿಸಲವೂ ಒಂದೇ ಜಾಗಕ್ಕೆ ತಲುಪುತ್ತದೆ. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿದ್ದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಹನ್ನೆರಡು ಸಹಲೇಖಕರು 1998ರ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಅದು. ಅದರಲ್ಲಿ ನೋಡಿದ್ದು 12 ಮಕ್ಕಳನ್ನು. ಅವರಲ್ಲಿ ಎಂಟು ಮಕ್ಕಳ ವಿಷಯದಲ್ಲಿ ತೊಂದರೆ ಲಸಿಕೆಯ ನಂತರ ಶುರುವಾಯಿತೆಂದು ಪಾಲಕರೋ ವೈದ್ಯರೋ ನೆನಪಿನಿಂದ ಹೇಳಿದ್ದರು. ಲಸಿಕೆ ಹಾಕಿಸದ ಮಕ್ಕಳ ಜೊತೆ ಹೋಲಿಕೆಯೇ ಇರಲಿಲ್ಲ. ಸಂಬಂಧವನ್ನು ತಾವು ಸಾಬೀತು ಮಾಡಿಲ್ಲವೆಂದು ಪ್ರಬಂಧವೇ ಒಪ್ಪಿಕೊಂಡಿತ್ತು. ಆದರೂ ಮೂರು ರೋಗಗಳಿಗೂ ಬೇರೆಬೇರೆ ಲಸಿಕೆ ಕೊಡುವುದು ಒಳ್ಳೆಯದೆಂದು ವೇಕ್‌ಫೀಲ್ಡ್ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು, ಜನರ ಕಿವಿಗೆ ಬಿದ್ದದ್ದು ಆ ಮಾತು.

ಮುಂದಿನ ಕಥೆ ಪೊಲೀಸ್ ತನಿಖೆಯಂತಿದೆ. ಪತ್ರಕರ್ತ ಬ್ರಿಯಾನ್ ಡೀರ್ 2004ರಲ್ಲಿ ಬಯಲು ಮಾಡಿದ ಪ್ರಕಾರ, ಲಸಿಕೆ ಕಂಪನಿಗಳ ಮೇಲೆ ಮೊಕದ್ದಮೆ ಹೂಡಲು ತಯಾರಾಗುತ್ತಿದ್ದ ವಕೀಲರೊಬ್ಬರಿಂದ ವೇಕ್‌ಫೀಲ್ಡ್‌ಗೆ ಹಣ ಸಂದಾಯವಾಗುತ್ತಿತ್ತು, ಅಧ್ಯಯನದಲ್ಲಿದ್ದ ಮಕ್ಕಳಲ್ಲಿ ಕೆಲವರು ಅದೇ ಮೊಕದ್ದಮೆಯ ಕಕ್ಷಿದಾರರ ಮನೆಯವರಾಗಿದ್ದರು. ಪ್ರಬಂಧ ಹೊರಬರುವ ಮುನ್ನವೇ, 1997ರಲ್ಲಿ, ದಡಾರಕ್ಕೆ ಬೇರೆಯೇ ಲಸಿಕೆಯೊಂದರ ಪೇಟೆಂಟ್‌ಗೆ ಅರ್ಜಿಯೂ ಹೋಗಿತ್ತು. 2004ರಲ್ಲೇ ಹತ್ತು ಸಹಲೇಖಕರು ಪ್ರಬಂಧದ ವ್ಯಾಖ್ಯಾನದಿಂದ ಕೈತೊಳೆದುಕೊಂಡರು. ದೀರ್ಘ ವಿಚಾರಣೆಯ ನಂತರ ಬ್ರಿಟನ್ನಿನಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ 2010ರಲ್ಲಿ ವೇಕ್‌ಫೀಲ್ಡ್ ನಡವಳಿಕೆ ಅಪ್ರಾಮಾಣಿಕವೆಂದು ತೀರ್ಮಾನಿಸಿತು. ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದಿದ್ದ ಮಕ್ಕಳಿಗೆ ತಲಾ ಐದು ಪೌಂಡ್ ಕೊಟ್ಟು ರಕ್ತದ ಮಾದರಿ ತೆಗೆದದ್ದೂ ಆ ದೋಷಾರೋಪಗಳಲ್ಲಿ ಒಂದು. ಅದೇ ವರ್ಷ ಫೆಬ್ರವರಿಯಲ್ಲಿ 'ಲ್ಯಾನ್ಸೆಟ್' ಪ್ರಬಂಧವನ್ನು ಹಿಂತೆಗೆದುಕೊಂಡಿತು, ಮೇ ತಿಂಗಳಲ್ಲಿ ವೇಕ್‌ಫೀಲ್ಡ್ ಹೆಸರು ವೈದ್ಯರ ನೋಂದಣಿಯಿಂದ ಹೊರಬಿತ್ತು.

ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು 2011ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್' ಪ್ರಕಟಿಸಿದ ಡೀರ್ ಅವರ ಲೇಖನ. ಮಕ್ಕಳ ಮೂಲ ವೈದ್ಯಕೀಯ ದಾಖಲೆಗಳನ್ನು ಪ್ರಬಂಧದ ಪಕ್ಕದಲ್ಲಿಟ್ಟು ನೋಡಿದಾಗ, ಲಸಿಕೆಗೆ ಮೊದಲು ಎಲ್ಲರೂ ಆರೋಗ್ಯವಾಗಿದ್ದರೆಂದು ಬರೆದಿದ್ದ 12 ಮಕ್ಕಳಲ್ಲಿ ಐವರ ಬೆಳವಣಿಗೆಯ ಬಗ್ಗೆ ಲಸಿಕೆಗೂ ಮುಂಚೆಯೇ ಕಳವಳ ದಾಖಲಾಗಿತ್ತೆಂದು ಗೊತ್ತಾಯಿತು. ವೇಕ್‌ಫೀಲ್ಡ್ ದುಡ್ಡು ತೆಗೆದುಕೊಂಡಿದ್ದರು ಎಂದ ಮಾತ್ರಕ್ಕೆ ಅವರ ಹೇಳಿಕೆ ಸುಳ್ಳಾಗುವುದಿಲ್ಲ, ದುರಾಸೆಯವರೂ ಒಮ್ಮೊಮ್ಮೆ ನಿಜ ಹೇಳಬಹುದು. ದಾಖಲೆಗೂ ಬರಹಕ್ಕೂ ತಾಳೆಯಾಗದಿರುವುದು ಮಾತ್ರ ಬೇರೆ ವಿಷಯ.

ನಾಲ್ಕು ಚೌಕದ ಲೆಕ್ಕ

ಈಗ ಒಂದು ಹಾಳೆ ತೆಗೆದುಕೊಂಡು ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಾಲ್ಕು ಚೌಕ ಮಾಡಿ. ಮೇಲಿನ ಎರಡರಲ್ಲಿ ಲಸಿಕೆ ಹಾಕಿಸಿದ ಮಕ್ಕಳು, ಕೆಳಗಿನ ಎರಡರಲ್ಲಿ ಹಾಕಿಸದವರು. ಎಡಗಡೆ ಆಟಿಸಂ ಇರುವವರು, ಬಲಗಡೆ ಇಲ್ಲದವರು. ನಿಮಗೆ ಬಂದ ಸಂದೇಶ, ವಿಡಿಯೊ, ಪಕ್ಕದ ಬೀದಿಯ ಮಗುವಿನ ಸುದ್ದಿ ಇವೆಲ್ಲವನ್ನೂ ಈ ಚೌಕಗಳಲ್ಲಿ ತುಂಬಿ ನೋಡಿ. ಸಾಮಾನ್ಯವಾಗಿ ಎಲ್ಲವೂ ಮೇಲಿನ ಎಡ ಚೌಕಕ್ಕೇ ಹೋಗಿ ಬೀಳುತ್ತವೆ, ಉಳಿದ ಮೂರೂ ಖಾಲಿ ಇರುತ್ತವೆ. ಬಹುಪಾಲು ಮಕ್ಕಳಿಗೆ ಲಸಿಕೆ ಹಾಕಿಸುವ ಊರಿನಲ್ಲಿ ಆಟಿಸಂ ಇರುವ ಬಹುಪಾಲು ಮಕ್ಕಳಿಗೂ ಲಸಿಕೆ ಆಗಿಯೇ ಇರುತ್ತದೆ, ಆದ್ದರಿಂದ ಆ ಒಂದು ಚೌಕ ಎಷ್ಟು ತುಂಬಿದರೂ ಏನೂ ತಿಳಿಯುವುದಿಲ್ಲ. ಕೆಳಗಿನ ಎಡ ಚೌಕದಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ ಇಡೀ ಪ್ರಶ್ನೆ ನಿಂತಿದೆ.

ನಾಲ್ಕೂ ಚೌಕಗಳನ್ನು ತುಂಬುವ ಅನುಕೂಲ ಡೆನ್ಮಾರ್ಕಿಗಿದೆ. ಅಲ್ಲಿನ ಪ್ರತಿಯೊಬ್ಬ ನಿವಾಸಿಗೂ ಹುಟ್ಟಿನಿಂದಲೇ ಒಂದು ಗುರುತಿನ ಸಂಖ್ಯೆಯಿದ್ದು, ಯಾವ ಮಗುವಿಗೆ ಯಾವ ದಿನ ಲಸಿಕೆಯಾಯಿತು, ಯಾವ ಮಗುವಿಗೆ ಯಾವ ವಯಸ್ಸಿನಲ್ಲಿ ಆಟಿಸಂ ಪತ್ತೆಯಾಯಿತು ಎಂಬ ಎರಡೂ ದಾಖಲೆಗಳನ್ನು ಆ ಸಂಖ್ಯೆಯ ಮೂಲಕ ಜೋಡಿಸಬಹುದು. 1991ರಿಂದ 1998ರವರೆಗೆ ಹುಟ್ಟಿದ 5,37,303 ಮಕ್ಕಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. 1999ರಿಂದ 2010ರವರೆಗೆ ಹುಟ್ಟಿದ 6,57,461 ಮಕ್ಕಳದು 2019ರಲ್ಲಿ ಬಂತು. ಎರಡನೆಯದರಲ್ಲಿ 6,517 ಮಕ್ಕಳಿಗೆ ಆಟಿಸಂ ಇತ್ತು, ಎಂಎಂಆರ್ ಹಾಕಿಸದ ಮಕ್ಕಳೇ 30 ಸಾವಿರಕ್ಕೂ ಹೆಚ್ಚಿದ್ದರು. ಎರಡೂ ಅಧ್ಯಯನಗಳಲ್ಲಿ ಲಸಿಕೆ ಪಡೆದವರ ಅಪಾಯ ಪಡೆಯದವರಿಗಿಂತ ಹೆಚ್ಚಿರಲಿಲ್ಲ. ಕೆಲವು ಮಕ್ಕಳು ಮಾತ್ರ ಸೂಕ್ಷ್ಮ ಪ್ರಕೃತಿಯವರಿರಬಹುದಲ್ಲವೇ ಎಂಬುದು ನ್ಯಾಯವಾದ ಅನುಮಾನ. 2019ರ ಅಧ್ಯಯನ ಅದನ್ನೂ ಬಿಡದೆ, ಅಣ್ಣನಿಗೋ ಅಕ್ಕನಿಗೋ ಆಟಿಸಂ ಇರುವ ಮಕ್ಕಳನ್ನು ಪ್ರತ್ಯೇಕವಾಗಿ ನೋಡಿತು, ಲಸಿಕೆಯಾದ ಕೆಲವು ತಿಂಗಳಲ್ಲೇ ಪ್ರಕರಣಗಳು ಒಟ್ಟೊಟ್ಟಿಗೆ ಕಾಣಿಸುತ್ತವೆಯೇ ಎಂದೂ ನೋಡಿತು. ಆ ಮಕ್ಕಳಲ್ಲೂ ಲಸಿಕೆಯಿಂದ ಅಪಾಯ ಹೆಚ್ಚಿರಲಿಲ್ಲ, ಪ್ರಕರಣಗಳು ಹಾಗೆ ಒಟ್ಟೊಟ್ಟಿಗೆ ಕಾಣಿಸಲೂ ಇಲ್ಲ.

ಇನ್ನೊಂದು ಬಗೆಯ ಪರೀಕ್ಷೆಯಿದೆ: ಕಾರಣವೆಂದು ಹೇಳುವುದನ್ನು ತೆಗೆದುಹಾಕಿದರೆ ಪರಿಣಾಮ ಇಳಿಯಬೇಕು. ಜಪಾನ್ 1993ರಲ್ಲಿ ತನ್ನ ಎಂಎಂಆರ್ ಲಸಿಕೆಯನ್ನು ನಿಲ್ಲಿಸಿತು. ಆಟಿಸಂ ಅದಕ್ಕೆ ಕಾರಣವಾಗಿರಲಿಲ್ಲ, ಅದರಲ್ಲಿ ಬಳಸುತ್ತಿದ್ದ ಮಂಗನಬಾವಿನ ಒಂದು ತಳಿಯಿಂದ ಕೆಲವರಲ್ಲಿ ಮೆದುಳ ಪೊರೆಯ ಉರಿಯೂತ ಕಾಣಿಸಿಕೊಂಡಿತ್ತು. ಲಸಿಕೆಗೆ ನಿಜವಾದ ದೋಷವಿದ್ದಾಗ ಅದನ್ನು ಕಂಡುಹಿಡಿದು ಹಿಂದಕ್ಕೆ ಪಡೆಯುತ್ತಾರೆ ಎಂಬುದಕ್ಕೆ ಇದೇ ಉದಾಹರಣೆ. ಹಾಗೆ ನಿಲ್ಲಿಸಿದ ಮೇಲೆ ಯೊಕೊಹಾಮಾ ನಗರದ ಒಂದು ವಾರ್ಡಿನಲ್ಲಿ ಹುಟ್ಟಿದ ಮಕ್ಕಳನ್ನು ಗಮನಿಸಿದವರಿಗೆ ಆಟಿಸಂ ಪ್ರಮಾಣ ಇಳಿಯುವುದರ ಬದಲು ಏರುತ್ತಲೇ ಹೋದದ್ದು ಕಂಡಿತು. ಥಿಯೋಮರ್ಸಾಲ್ ಕಥೆಯೂ ಹೀಗೆಯೇ. ಡೆನ್ಮಾರ್ಕ್ ಅದನ್ನು 1992ರಲ್ಲಿ ಕೈಬಿಟ್ಟಿತು. ಅಮೆರಿಕದಲ್ಲಿ ಕೆಲವು ಫ್ಲೂ ಲಸಿಕೆಗಳನ್ನು ಬಿಟ್ಟು ಮಕ್ಕಳ ವಾಡಿಕೆಯ ಲಸಿಕೆಗಳಿಂದ ಅದು 2001ರ ಹೊತ್ತಿಗೆ ಹೋಗಿತ್ತು. ಆಟಿಸಂ ಪತ್ತೆ ಎರಡೂ ಕಡೆ ಏರಿತು. ನಮ್ಮಲ್ಲಿ ಒಂದೇ ಬಾಟಲಿಯಿಂದ ಹಲವು ಮಕ್ಕಳಿಗೆ ಕೊಡುವ ಕೆಲವು ಲಸಿಕೆಗಳಲ್ಲಿ ಥಿಯೋಮರ್ಸಾಲ್ ಇಂದಿಗೂ ಇದೆ. ಅದರಿಂದ ದೇಹದಲ್ಲಿ ಉಂಟಾಗುವುದು ಈಥೈಲ್ ಪಾದರಸ. ದೊಡ್ಡ ಸಮುದ್ರಮೀನುಗಳಲ್ಲಿ ಸೇರಿಕೊಳ್ಳುವ, ದೇಹದಲ್ಲಿ ತಿಂಗಳುಗಟ್ಟಲೆ ಉಳಿಯುವ ಮೀಥೈಲ್ ಪಾದರಸಕ್ಕಿಂತ ಬಹಳ ಬೇಗ ಅದು ಹೊರಹೋಗುತ್ತದೆ. ಅಲ್ಯೂಮಿನಿಯಂ ಬಗ್ಗೆ 2025ರಲ್ಲಿ ಮತ್ತೆ ಡೆನ್ಮಾರ್ಕಿನಿಂದಲೇ 12 ಲಕ್ಷಕ್ಕೂ ಹೆಚ್ಚು ಮಕ್ಕಳ ಅಧ್ಯಯನ ಬಂದಿದ್ದು, ಆಟಿಸಂ ಸೇರಿ 50 ಕಾಯಿಲೆ ಮತ್ತು ಸ್ಥಿತಿಗಳಲ್ಲಿ ಯಾವುದಕ್ಕೂ ಅದು ಅಪಾಯ ಹೆಚ್ಚಿಸಿದ್ದು ಕಾಣಲಿಲ್ಲ.

ರುಬೆಲ್ಲಾ ವಿಷಯದಲ್ಲಂತೂ ಲೆಕ್ಕ ತಿರುವುಮುರುವಾಗಿದೆ. 1964ರಲ್ಲಿ ಅಮೆರಿಕದಲ್ಲಿ ರುಬೆಲ್ಲಾ ಹಬ್ಬಿದಾಗ ಗರ್ಭದಲ್ಲೇ ಸೋಂಕು ತಗುಲಿ ಹುಟ್ಟಿದ 243 ಮಕ್ಕಳನ್ನು ನ್ಯೂಯಾರ್ಕಿನ ಮನೋವೈದ್ಯೆ ಸ್ಟೆಲ್ಲಾ ಚೆಸ್ ಅಧ್ಯಯನ ಮಾಡಿ, ಅವರಲ್ಲಿ ಆಟಿಸಂ ಆಗಿನ ಸಾಮಾನ್ಯ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆಯೆಂದು 1971ರಲ್ಲಿ ತೋರಿಸಿದರು. ಇಂದು ಎಂಆರ್ ಹಾಕಿಸಿಕೊಂಡ ಹೆಣ್ಣುಮಗು ಮುಂದೆ ಬಸುರಿಯಾದಾಗ ಅವಳ ಹೊಟ್ಟೆಯಲ್ಲಿರುವ ಕೂಸಿಗೆ ಆ ಸೋಂಕು ತಗಲುವ ಭಯವಿರುವುದಿಲ್ಲ.

'ಆಮೇಲೆ' ಎಂಬುದಕ್ಕೂ 'ಅದರಿಂದ' ಎಂಬುದಕ್ಕೂ ನಡುವೆ

ಪಾಲಕರು ಕಂಡದ್ದು ಸುಳ್ಳಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಒಂದು ಪಾಲು ಕಲಿತಿದ್ದ ಕೆಲವು ಪದಗಳನ್ನು ಕಳೆದುಕೊಳ್ಳುತ್ತವೆ, ಅದು ಸಾಮಾನ್ಯವಾಗಿ ಒಂದೂಕಾಲರಿಂದ ಎರಡು ವರ್ಷದ ನಡುವೆ ಎದ್ದು ಕಾಣುತ್ತದೆ. ಕಾರ್ಡಿನ 16-24 ತಿಂಗಳ ಸಾಲೂ ಅದೇ ಅವಧಿಯದು. ಲಸಿಕೆಯ ದಿನಾಂಕ ಕಾರ್ಡಿನಲ್ಲಿ ಬರೆದಿರುತ್ತದೆ, ಮಾತು ಕಡಿಮೆಯಾಗತೊಡಗಿದ ದಿನಾಂಕ ಎಲ್ಲೂ ಬರೆದಿರುವುದಿಲ್ಲ. ಹಾಗಾಗಿ ನೆನಪು ಬರೆದಿಟ್ಟ ದಿನಾಂಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ.

ಇದನ್ನು ನೀವೇ ಪರೀಕ್ಷಿಸುವ ದಾರಿ ನಿಮ್ಮ ಮೊಬೈಲಿನಲ್ಲಿದೆ. ಮೊದಲ ಹುಟ್ಟುಹಬ್ಬದ ವಿಡಿಯೊ ಹುಡುಕಿ, ಸದ್ದು ಜೋರು ಮಾಡಿ ನೋಡಿ. ಕೇಕ್ ಮುಂದೆ ಕೂತ ಮಗುವನ್ನು ಯಾರಾದರೂ ಹೆಸರು ಹಿಡಿದು ಕರೆದಾಗ ಅದು ತಿರುಗಿತೇ, ಬಲೂನಿನತ್ತ ಬೆರಳು ತೋರಿಸಿತೇ, ತೋರಿಸಿದ ಮೇಲೆ ಅಮ್ಮನ ಮುಖ ನೋಡಿತೇ ಎಂಬುದನ್ನು ಗಮನಿಸಿ. ಅಮೆರಿಕದ ಸಂಶೋಧಕಿಯರಿಬ್ಬರು 1994ರಲ್ಲಿ ಇಂಥದೇ ಮನೆಯ ವಿಡಿಯೊಗಳನ್ನು ನೋಡಿ, ಮುಂದೆ ಆಟಿಸಂ ಪತ್ತೆಯಾದ ಬಹುಪಾಲು ಮಕ್ಕಳನ್ನು ಮೊದಲ ಹುಟ್ಟುಹಬ್ಬದ ಹೊತ್ತಿಗೇ ಗುರುತಿಸಬಹುದಿತ್ತೆಂದು ತೋರಿಸಿದ್ದರು. 2013ರ ಇನ್ನೊಂದು ಅಧ್ಯಯನ ಎರಡರಿಂದ ಆರು ತಿಂಗಳ ನಡುವೆಯೇ ಅಂಥ ಮಕ್ಕಳು ಎದುರಿನವರ ಕಣ್ಣು ನೋಡುವುದು ಕಡಿಮೆಯಾಗುತ್ತ ಹೋಗುವುದನ್ನು ಉಪಕರಣದಿಂದ ಅಳೆಯಿತು. ಎಂಆರ್‌ನ ಮೊದಲ ಡೋಸ್ ಬರುವುದೇ ಒಂಬತ್ತನೆಯ ತಿಂಗಳಲ್ಲಿ. ಅಂದಹಾಗೆ, ಲಿಯೊ ಕ್ಯಾನರ್ ಈ ಸ್ಥಿತಿಯನ್ನು ವಿವರಿಸಿದ್ದು 1943ರಲ್ಲಿ, ದಡಾರಕ್ಕೆ ಲಸಿಕೆ ಬಂದದ್ದು 1963ರಲ್ಲಿ.

ಹೊಸ ಸುದ್ದಿ ಬಂದಾಗ

2025ರ ನವೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ತನ್ನ ಜಾಲತಾಣದ ಒಂದು ಪುಟವನ್ನು ಬದಲಿಸಿ, ಲಸಿಕೆಯಿಂದ ಆಟಿಸಂ ಬರುವುದಿಲ್ಲವೆಂಬ ಮಾತಿಗೆ ಪೂರ್ಣ ಪುರಾವೆಯಿಲ್ಲ ಎಂಬರ್ಥ ಬರುವಂತೆ ಬರೆಯಿತು. ಇಂಥ ಸುದ್ದಿ ಬಂದಾಗ ಬದಲಾದದ್ದು ಅಂಕಿಅಂಶವೋ ವಾಕ್ಯವೋ ಎಂದು ನೋಡಬೇಕು. ಇಲ್ಲಿ ಬದಲಾದದ್ದು ವಾಕ್ಯ, ಅದೂ ಲಸಿಕೆಗಳನ್ನು ಬಹುಕಾಲದಿಂದ ಟೀಕಿಸುತ್ತ ಬಂದಿರುವ ರಾಬರ್ಟ್ ಎಫ್. ಕೆನಡಿ ಜೂನಿಯರ್ ಆರೋಗ್ಯ ಇಲಾಖೆಯ ಮುಖ್ಯಸ್ಥರಾದ ಮೇಲೆ. ಒಂದು ವಸ್ತು ಎಂದೂ ಯಾರಿಗೂ ಏನೂ ಮಾಡುವುದಿಲ್ಲವೆಂದು ನೂರಕ್ಕೆ ನೂರು ಸಾಬೀತು ಮಾಡಲು ಯಾವ ಅಧ್ಯಯನಕ್ಕೂ ಸಾಧ್ಯವಿಲ್ಲ. ಆ ಅಳತೆ ಹಿಡಿದರೆ ಅನ್ನವನ್ನೂ ಬಿಡಬೇಕಾದೀತು. ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಅಧ್ಯಯನಗಳನ್ನು ಮತ್ತೊಮ್ಮೆ ಪರಿಶೀಲಿಸಿ ಸಂಬಂಧವಿಲ್ಲವೆಂಬ ಹಿಂದಿನ ನಿಲುವನ್ನೇ ಹೇಳಿತು.

ಮನೆಯ ಹಿರಿಯರು ಕಳಿಸಿದ ಸಂದೇಶಕ್ಕೆ ಉತ್ತರಿಸುವಾಗ ಇಷ್ಟೆಲ್ಲ ಬರೆಯಬೇಕಿಲ್ಲ. "ದೊಡ್ಡಮ್ಮ, ನೀವು ಕಳಿಸಿದ್ದನ್ನು ಓದಿದೆ. ಲಸಿಕೆ ಹಾಕಿಸದ ಮಕ್ಕಳಲ್ಲಿ ಆಟಿಸಂ ಎಷ್ಟಿದೆ ಅಂತ ಅದರಲ್ಲಿ ಇಲ್ಲ. ಬೇರೆ ದೇಶದಲ್ಲಿ ಅದನ್ನು ಎಣಿಸಿ ನೋಡಿದ್ದಾರಂತೆ, ಎರಡೂ ಕಡೆ ಒಂದೇ ಬಂದಿದೆ. ಪಾಪುಗೆ ಹಾಕಿಸುತ್ತಿದ್ದೇವೆ, ಜ್ವರ ಬಂದರೆ ನಿಮ್ಮನ್ನೇ ಕೇಳುತ್ತೇನೆ" ಎಂದರೆ ಸಾಕು. ಆಟಿಸಂ ಇರುವ ಮಗುವಿನ ತಾಯಿಯೇ ಲಸಿಕೆಯನ್ನು ದೂರುತ್ತಿದ್ದರೆ ಅಂಕಿಅಂಶ ಹಿಡಿದು ವಾದಕ್ಕೆ ಇಳಿಯಬೇಡಿ. ತಾನು ಏನು ತಪ್ಪು ಮಾಡಿದೆ ಎಂಬ ಪ್ರಶ್ನೆ ಆಕೆಯನ್ನು ಕೊರೆಯುತ್ತಿರುತ್ತದೆ. ಆಟಿಸಂನಲ್ಲಿ ವಂಶವಾಹಿಗಳ ಪಾಲೇ ದೊಡ್ಡದು, ಆಕೆಯ ಯಾವ ನಿರ್ಧಾರವೂ ಇದಕ್ಕೆ ಕಾರಣವಲ್ಲ ಎಂಬುದು ಆಗ ಹೇಳಬೇಕಾದ ಮಾತು.

ಲಸಿಕೆಯ ದಿನ ಕೇಳಬೇಕಾದದ್ದು

ಲಸಿಕೆಗೆ ಅಡ್ಡಪರಿಣಾಮಗಳೇ ಇಲ್ಲವೆಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಕಿಲ್ಲ. ಡಿಪಿಟಿ ಹಾಕಿಸಿದ ಒಂದೆರಡು ದಿನ ಜ್ವರ, ಚುಚ್ಚಿದ ಜಾಗದಲ್ಲಿ ಬಾವು ಸಾಮಾನ್ಯ. ದಡಾರದ ಲಸಿಕೆಯ ಜ್ವರ ತಡವಾಗಿ, ಒಂದು ವಾರದ ಆಸುಪಾಸಿನಲ್ಲಿ ಬರುತ್ತದೆ. ಎಂಎಂಆರ್ ಪಡೆದ ಸುಮಾರು 3,000ದಿಂದ 4,000 ಮಕ್ಕಳಲ್ಲಿ ಒಬ್ಬರಿಗೆ ಆ ಜ್ವರದಿಂದ ಫಿಟ್ಸ್ ಬರಬಹುದು. ನೋಡುವವರ ಜೀವ ಬಾಯಿಗೆ ಬರುತ್ತದೆ, ಮಗುವಿಗೆ ಮುಂದೆ ತೊಂದರೆ ಉಳಿಯುವುದಿಲ್ಲ, ಆದರೂ ತಕ್ಷಣ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಯಾರಿಗಾದರೂ ಜ್ವರದ ಫಿಟ್ಸ್ ಇದ್ದಿದ್ದರೆ, ಮಗುವಿಗೆ ಹಿಂದಿನ ಡೋಸ್‌ಗೆ ತೀವ್ರ ಅಲರ್ಜಿಯಾಗಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಕಾಯಿಲೆಯೋ ಔಷಧಿಯೋ ಇದ್ದರೆ ಚುಚ್ಚುವ ಮೊದಲೇ ಹೇಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಮನೆಗೆ ಬಂದ ಮೇಲೆ ಏನಾದರೂ ಅಸಹಜವಾಗಿ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ, ಅದನ್ನು ಮೇಲಕ್ಕೆ ವರದಿ ಮಾಡುವ ವ್ಯವಸ್ಥೆಯಿದೆ.

ಎರಡು ವರ್ಷ ಕಳೆದು ಮಾತು ಬಂದ ಮೇಲೆ ಹಾಕಿಸೋಣ ಎಂಬ ಯೋಚನೆ ಎಚ್ಚರಿಕೆಯಂತೆ ಕಂಡರೂ ಅದರಿಂದ ಆಟಿಸಂ ಅಪಾಯ ಇಳಿಯುವುದಿಲ್ಲ, ದಡಾರಕ್ಕೆ ಬಾಗಿಲು ತೆರೆದಿಟ್ಟಂತಾಗುತ್ತದೆ. ಬ್ರಿಟನ್ನಿನಲ್ಲಿ ವೇಕ್‌ಫೀಲ್ಡ್ ಗದ್ದಲದ ನಂತರ ಎಂಎಂಆರ್ ಪ್ರಮಾಣ ಶೇ. 80ರ ಹತ್ತಿರಕ್ಕೆ ಇಳಿದು, 2008ರ ಹೊತ್ತಿಗೆ ದಡಾರ ಮತ್ತೆ ಅಲ್ಲಿ ಬೇರೂರಿತು. ಅದನ್ನು ತಡೆಯಲು ಶೇ. 95ರಷ್ಟು ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. 2023ರಲ್ಲಿ ಜಗತ್ತಿನಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನ ದಡಾರಕ್ಕೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ದಡಾರ ವಾಸಿಯಾಗಿ ವರ್ಷಗಳ ನಂತರ ಮೆದುಳನ್ನು ಹಂತಹಂತವಾಗಿ ಕೊಲ್ಲುವ ಎಸ್‌ಎಸ್‌ಪಿಇ ಎಂಬ ಕಾಯಿಲೆಯೊಂದಿದ್ದು, ಅದು ನಿಮ್ಹಾನ್ಸ್‌ನಂಥ ಕಡೆಯ ನರರೋಗ ವೈದ್ಯರಿಗೆ ಚೆನ್ನಾಗಿ ಪರಿಚಿತ.

ಮಗುವಿನ ಬಗ್ಗೆಯೇ ಅನುಮಾನವಿದ್ದರೆ

ಬೆಳವಣಿಗೆಯ ಚಿಂತೆಯನ್ನು ಲಸಿಕೆಯ ಚರ್ಚೆಯಿಂದ ಬಿಡಿಸಿ ಬೇರೆಯಾಗಿಡಿ, ಅದನ್ನು ಮುಂದೂಡಬೇಡಿ. ಟಿವಿ, ಮೊಬೈಲ್ ಆರಿಸಿ, ಮಗು ಆಟದಲ್ಲಿರುವಾಗ ಹಿಂದಿನಿಂದ ಮುಟ್ಟದೆ, ಮಾಮೂಲಿ ದನಿಯಲ್ಲಿ ಹೆಸರು ಕರೆಯಿರಿ. ಬೀದಿಯಲ್ಲಿ ಹಸು ಬಂದರೆ ಬೆರಳು ಮಾಡಿ ತೋರಿಸಿ, ಮಗು ನಿಮ್ಮ ಬೆರಳಿನ ನೇರಕ್ಕೆ ನೋಡುತ್ತದೆಯೇ, ತಾನಾಗಿ ಏನನ್ನಾದರೂ ಹಾಗೆ ತೋರಿಸುತ್ತದೆಯೇ ಗಮನಿಸಿ. ಬೇರೆಬೇರೆ ದಿನ ನೋಡಿದರೂ ಇವು ಕಾಣದಿದ್ದರೆ, ಅಥವಾ ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ಹೋದರೆ, ಗಂಡುಮಕ್ಕಳಿಗೆ ಮಾತು ತಡ ಎಂಬ ಸಮಾಧಾನಕ್ಕೆ ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲು ಕಿವಿ ಪರೀಕ್ಷೆ ಆಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿನ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇವುಗಳಲ್ಲಿ ಪರೀಕ್ಷೆಯೂ ತರಬೇತಿಯೂ ಸಿಗುತ್ತವೆ. ಹೋಗುವಾಗ ಆ ಹುಟ್ಟುಹಬ್ಬದ ವಿಡಿಯೊ ಇಟ್ಟುಕೊಂಡಿರಿ, ವೈದ್ಯರಿಗೆ ನಿಮ್ಮ ವಿವರಣೆಗಿಂತ ಅದು ಹೆಚ್ಚು ಹೇಳುತ್ತದೆ.

ದೇಹದಿಂದ ಲಸಿಕೆಯ ವಿಷ ತೆಗೆಯುತ್ತೇವೆ, ಪಾದರಸ ಇಳಿಸುತ್ತೇವೆ ಎಂದು ಹೇಳುವವರಿಂದ ದೂರವಿರಿ. ಚಿಲೇಷನ್ ಎಂಬ ಈ ಚಿಕಿತ್ಸೆಯಿಂದ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗನೊಬ್ಬ ಸತ್ತಿದ್ದಾನೆ.

ಆಟಿಸಂ ಪತ್ತೆಯಾದ ಮಗುವಿಗೂ, ಅದರ ತಮ್ಮ ತಂಗಿಯರಿಗೂ ಉಳಿದ ಲಸಿಕೆಗಳನ್ನು ವೇಳಾಪಟ್ಟಿಯಂತೆಯೇ ಹಾಕಿಸಬೇಕು. ಹೊಸ ಜಾಗ, ಬೆಳಕು, ಗದ್ದಲ ಆ ಮಗುವಿಗೆ ಸಹಿಸದಿದ್ದರೆ ಮೊದಲೇ ಹೇಳಿ ಜನ ಕಡಿಮೆ ಇರುವ ಹೊತ್ತು ಕೇಳಿಕೊಳ್ಳಿ. ಭಯದಿಂದಲೋ ಊರು ಬದಲಾಯಿಸಿದ್ದರಿಂದಲೋ ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು. ಸರ್ಕಾರಿ ಕಾರ್ಯಕ್ರಮದಲ್ಲಿ ಎಂಆರ್ ಅನ್ನು ಐದು ವರ್ಷದವರೆಗೂ ಕೊಡುತ್ತಾರೆ. ಕಾರ್ಡ್ ಕಳೆದಿದ್ದರೂ ಹೋಗಿ, ದಾಖಲೆ ಅಂಗನವಾಡಿಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಇರುತ್ತದೆ.